ಗಾಳ ತೆಗೆದ ಮೀನುಗಳು

ಜೂನ್ 14, 2009, ಭಾನುವಾರ. ಚಾಮರಾಜನಗರ

ನಾನು ಅಮ್ಮನಾಗುತ್ತಿದ್ದೇನೆ! ಬರೆದು ಇನ್ನೊಮ್ಮೆ ಓದಿಕೊಂಡೆ. ಹೌದು, ನಾನೇ, ರಂಜಿನಿ, ಮದುವೆಯಾಗಿ ಇನ್ನೂ ನಾಲ್ಕು ತಿಂಗಳು ತುಂಬದವಳು, ದಿನಾ ಹಾಲು ಉಕ್ಕಿಸುವವಳು, ಅಮ್ಮನಾಗುತ್ತಿದ್ದೇನೆ! ಮೆಡಿಕಲ್ ಶಾಪಿನಿಂದ ತಂದ ಕಡ್ಡಿಯ ಮೇಲೆ ಎರಡು ಗುಲಾಬಿ ಗೆರೆ ಮೂಡಿದಾಗ ಬಚ್ಚಲಿನಿಂದಲೇ ಕಿರುಚಿದೆ. ರೇವಂತ್ ಜಿರಲೆಯೆಂದುಕೊಂಡು ಪೊರಕೆ ಹಿಡಿದು ಓಡಿಬಂದ. (ಎದುರಿಗೆ ‘ರೀ’ ಎನ್ನುತ್ತೇನೆ. ಇಲ್ಲಿ ಮಾತ್ರ ಏಕವಚನ. ಡೈರಿ ನನ್ನದು!)

ಆ ಪೊರಕೆ ಇನ್ನೂ ಅವನ ಕೈಯಲ್ಲಿರುವಾಗಲೇ ಫೋನ್ ಬಂತು. ಕೇರಳದ ಬತ್ತೇರಿಯ ಗಾಳದ ಅಂಗಡಿಯವರಿಗೆ ಗಣೇಶನ ಹಬ್ಬದೊಳಗೆ ಆರುನೂರು ಜಿಗ್ ಬೇಕಂತೆ. ಆರುನೂರು! ಇಲ್ಲಿಯವರೆಗೆ ನಾವು ಮಾಡಿದ್ದು ಒಟ್ಟು ಎಂಬತ್ತು.

ಜಿಗ್ ಎಂದರೇನೆಂದು ಮದುವೆಗೆ ಮುಂಚೆ ನನಗೂ ಗೊತ್ತಿರಲಿಲ್ಲ. ಗಾಳದ ಕತ್ತಿಗೆ ಸೀಸದ ತಲೆ ಎರಕ ಹೊಯ್ದು, ಬಣ್ಣ ಹಾಕಿ, ಕಣ್ಣು ಬರೆದರೆ ಪುಟ್ಟ ಹುಸಿ ಮೀನು. ನಿಜವಾದ ಮೀನು ಅದನ್ನು ತಿಂಡಿಯೆಂದು ನಂಬಿ ಬಾಯಿ ಹಾಕುತ್ತದೆ. ರೇವಂತ್ ಗುಂಡ್ಲುಪೇಟೆಯ ಟ್ರ್ಯಾಕ್ಟರ್ ಶೋರೂಮಿನಲ್ಲಿದ್ದಾನಲ್ಲ, ಅಲ್ಲಿಯ ಗೆಳೆಯರ ಜೊತೆ ಕಬಿನಿ ಹಿನ್ನೀರಿಗೆ ಹೋಗಿ ಈ ಹುಚ್ಚು ಹತ್ತಿಸಿಕೊಂಡ. ತಿನ್ನುವುದಿಲ್ಲ, ಹಿಡಿದು ಮುದ್ದು ಮಾಡಿ ಬಿಟ್ಟುಬಿಡುತ್ತಾನೆ. ನಮ್ಮಿಬ್ಬರ ಮನೆಯಲ್ಲೂ ಮೊಟ್ಟೆಯನ್ನೂ ಮುಟ್ಟುವವರಿಲ್ಲ. ಅತ್ತೆ ಯಶೋದಮ್ಮ ಮೀನಂಗಡಿ ಕಂಡರೆ ರಸ್ತೆ ದಾಟುತ್ತಾರೆ. ಹಂಗಳದ ಅತ್ತೆಮನೆಗೆ ನಾವು ಹೇಳಿರುವುದು ಬಣ್ಣದ ಕೀ ಚೈನ್ ಮಾಡುತ್ತೇವೆಂದು.

ಮಾಡುವ ವಿಧಾನವೆಲ್ಲ ಇಂಟರ್ನೆಟ್ಟಿನಲ್ಲಿ ಇಂಗ್ಲಿಷಿನಲ್ಲಿತ್ತು. ಸೈಬರ್ ಸೆಂಟರಿನಲ್ಲಿ ಹನ್ನೊಂದು ಹಾಳೆ ಪ್ರಿಂಟ್ ತೆಗೆಸಿದ್ದೆವು. ಕಾನ್ವೆಂಟಿನವಳು ನಾನೇ ಓದಿ ಓದಿ ಹೇಳಿದೆ. ಒಂದು ಜಾಗ ಮಾತ್ರ ಬಿಟ್ಟೆ. ಸೀಸದ ಕೆಲಸ ಮಾಡಿದ ಓವನ್ನಿನಲ್ಲಿ ಎಂದೂ ಅಡುಗೆ ಮಾಡಬೇಡಿ, ಸೀಸದ ಪುಡಿ ವಿಷ, ಮಕ್ಕಳನ್ನು ಹತ್ತಿರ ಸೇರಿಸಬೇಡಿ ಎಂದಿತ್ತು. ಹೇಳಿದ್ದರೆ ಅವನು ನನ್ನ ಓವನ್ ಮುಟ್ಟುತ್ತಲೇ ಇರಲಿಲ್ಲ, ಅಥವಾ ಓವನ್ ಪೂರ್ತಿ ಅವನದಾಗಿ ನನ್ನ ಕೇಕಿಗೆ ಕಲ್ಲು ಬೀಳುತ್ತಿತ್ತು. ಮದುವೆಗೆ ಕಾಲೇಜಿನ ಗೆಳತಿಯರು ಸೇರಿ ಕೊಟ್ಟಿದ್ದು ಒಂದೇ ಓವನ್! ಅಮೆರಿಕದವರಿಗೆ ಎಲ್ಲಕ್ಕೂ ಭಯ. ಕಾಫಿ ಲೋಟದ ಮೇಲೂ ‘ಬಿಸಿ ಇದೆ’ ಎಂದು ಬರೆಯುವ ಜನ.

ಜೂನ್ 21, ಭಾನುವಾರ

ಬೆಳಗಿನಿಂದ ನಮ್ಮ ಅಡುಗೆಮನೆ ಫ್ಯಾಕ್ಟರಿ. ಹಳೇ ಬ್ಯಾಟರಿ ಅಂಗಡಿಯಿಂದ ತಂದ ಸೀಸವನ್ನು ರೇವಂತ್ ಗ್ಯಾಸಿನ ಮೇಲೆ ಬಾಣಲೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯುತ್ತಾನೆ. ಅಂಚಿನಲ್ಲಿ ಉಳಿದ ಚೂರನ್ನು ನಾನು ಊಟದ ಮೇಜಿನ ಮೇಲೆ ಅರದಿಂದ ಉಜ್ಜಿ ನಯ ಮಾಡಿ, ಉಫ್ ಎಂದು ಪುಡಿ ಊದುತ್ತೇನೆ. ಆಮೇಲೆ ಮಜಾ! ತಲೆಯನ್ನು ಬೆಂಕಿಗೆ ಹಿಡಿದು ಬಣ್ಣದ ಪುಡಿಯಲ್ಲಿ ಒಂದೇ ಕ್ಷಣ ಅದ್ದಿ ತೆಗೆದರೆ ಒಣ ಪುಡಿ ಕಣ್ಣೆದುರೇ ಕರಗಿ ಗಾಜಿನ ಬಳೆಯಂತೆ ಹೊಳೆಯುತ್ತದೆ. ಪುಡಿ ಮೈಸೂರಿನಲ್ಲಿ ಬೀರುಗಳಿಗೆ ಬಣ್ಣ ಹಾಕುವವರಿಂದ ತಂದದ್ದು. ಕೊನೆಗೆ ಕೊಕ್ಕೆ ಹಿಡಿದು ಓವನ್ನಿನಲ್ಲಿ ಸಾಲಾಗಿ ತೂಗುಹಾಕಿ ಬೇಯಿಸಬೇಕು. ಬೇಯದಿದ್ದರೆ ಬಣ್ಣ ನಿಲ್ಲುವುದಿಲ್ಲ.

“ಎಷ್ಟು ಡಿಗ್ರಿ ಅಂದಿದ್ದೆ ಕಣೇ?”

“ಅವರದು ಮುನ್ನೂರೈವತ್ತು ಫ್ಯಾರನ್‌ಹೀಟ್ ರೀ. ನಮಗೆ ನೂರಾ ಎಪ್ಪತ್ತೇಳು. ಇಪ್ಪತ್ತು ನಿಮಿಷ.”

“ಪರ್ವಾಗಿಲ್ಲ ಕಣೇ. ನಿಮ್ಮಪ್ಪ ಕಾನ್ವೆಂಟಿಗೆ ಕಟ್ಟಿದ ಫೀಸು ಮೀನಿಗಾದ್ರೂ ದಕ್ತು!”

ಇವತ್ತಿನ ಮೊದಲ ಸರತಿಯನ್ನು ಅವಸರಕ್ಕೆ ಬೇಗ ತೆಗೆದೆವು, ಉಗುರು ತಾಕಿದರೆ ಬಣ್ಣ ಸಿಪ್ಪೆ. ಎರಡನೆಯದಕ್ಕೆ ಪುಡಿ ದಪ್ಪವಾಗಿ ಪ್ರತಿ ಮೀನಿನ ಮೂಗಿನಲ್ಲೂ ಒಂದೊಂದು ಹನಿ, ನೆಗಡಿಯಾದ ಮಕ್ಕಳ ಹಾಗೆ. ಮೂರನೆಯದನ್ನು ರುಬ್ಬುಕಲ್ಲಿಗೆ ಕುಟ್ಟಿದರೂ ಒಂದು ಚೂರು ಏಳಲಿಲ್ಲ! ಓವನ್ ಹೇಗೂ ಕಾದಿತ್ತು, ಕರೆಂಟ್ ಯಾಕೆ ದಂಡ ಎಂದು ಅದೇ ಬಿಸಿಯಲ್ಲಿ ಬಾಳೆಹಣ್ಣಿನ ಕೇಕ್ ಇಟ್ಟೆ. ಇಬ್ಬರೇ ಕೂತು ಪೂರ್ತಿ ತಿಂದೆವು. ಇಬ್ಬರೇ ಅಲ್ಲ, ಮೂವರು.

ಜುಲೈ 8, ಬುಧವಾರ

ಬಾಯಲ್ಲಿ ಏನೋ ಸಿಹಿ. ಸಕ್ಕರೆಯದಲ್ಲ, ನಾಣ್ಯ ಚೀಪಿದ ಹಾಗೆ. ಬಸುರಿಯರಿಗೆ ಬಾಯಿರುಚಿ ಕೆಡುತ್ತದೆಂದು ಪಕ್ಕದ ಮನೆಯ ಚಿಕ್ಕನಿಂಗಮ್ಮ ಹೇಳಿದರು. ಮಣ್ಣು ಒದ್ದೆಯಾದ ವಾಸನೆ ಬಂದರೆ ಗೋಡೆಯನ್ನೇ ನೆಕ್ಕಬೇಕೆನಿಸುತ್ತದೆ! ಅದೂ ಬಯಕೆಯಂತೆ. ಎಲ್ಲವೂ ಪುಸ್ತಕದಲ್ಲಿರುವ ಹಾಗೇ ಆಗುತ್ತಿದೆ, ಎಷ್ಟು ಜಾಣ ಮಗು!

ರೇವಂತನಿಗೂ ಹೊಟ್ಟೆನೋವು. ಮೂರು ದಿನದಿಂದ ಕಕ್ಕಸಿಗೆ ಹೋಗಿ ಬೈದುಕೊಂಡು ಬರುತ್ತಿದ್ದಾನೆ. ಆದರೂ ಇನ್ನೂರ ಹತ್ತು ಮುಗಿದವು. ಕಣ್ಣುಗಳೆಲ್ಲ ನಾನು ಬರೆದದ್ದು.

ಜುಲೈ 19, ಭಾನುವಾರ

ಅತ್ತೆ ಬಂದಿದ್ದಾರೆ, ಮಾವಿನಮಿಡಿ ಉಪ್ಪಿನಕಾಯಿಯ ಜಾಡಿ ಹೊತ್ತು! ಬೆಳಿಗ್ಗೆ ಹಂಗಳದಿಂದ ಬಸ್ಸು ಹತ್ತಿದ ಮೇಲೆ ಫೋನ್ ಮಾಡಿಸಿದರು. ನಮಗೆ ಸಿಕ್ಕಿದ್ದು ಒಂದೂವರೆ ಗಂಟೆ. ಬಾಣಲೆ ಮಂಚದ ಕೆಳಗೆ ಹೋಯಿತು, ಗಾಳಗಳೆಲ್ಲ ಓವನ್ನಿನೊಳಗೆ. ಓವನ್ ಕಂಡರೆ ಅತ್ತೆಗೆ ಭಯ, ಮುಟ್ಟುವುದಿಲ್ಲ. ಮೇಜಿನ ಮೇಲೆ ಉಳಿದಿದ್ದ, ಕೊಕ್ಕೆ ಕೂರದೆ ಕೆಟ್ಟ ನಾಲ್ಕು ತಲೆಗಳನ್ನು ನೋಡಿ ಮಗನನ್ನು ಕೇಳಿದರು:

“ಇವೇಯ ನಿನ್ ಕೀ ಚೈನು? ಮನೇಗೊಂದ್ ಬೀರು ಇಲ್ಲ, ಆರ್ನೂರು ಕೀ ಚೈನ್ ಯಾಕ್ಲಾ?”

“ಮಾರಕ್ಕೆ ಕಣವ್ವ.”

“ಮುದ್ದಾಗವೆ ಬುಡು.”

ನನ್ನ ಮುಖ ಬಿಳಿಚಿಕೊಂಡಿದೆ ಎಂದಾಗ ಅವರ ಹತ್ತಿರ ಉತ್ತರ ಸಿದ್ಧವಿತ್ತು. “ಬೆಳ್ಳಗಾದ್ರೆ ಎಣ್ಣು ಕಣಮ್ಮಿ. ನಾನು ಸುಧಾಮಣಿ ಎತ್ವಾಗ ಇಂಗೇ ಸುಣ್ಣದಂಗಾಗಿದ್ದೆ.” ರೇವಂತನ ಹೊಟ್ಟೆನೋವಿಗೂ ಉತ್ತರವಿತ್ತು. “ಎಂಡ್ತಿ ಬಸ್ರಾದ್ರೆ ಗಂಡಂಗೂ ಒಟ್ಟೆ ಇಡ್ಕತದೆ. ನಿಮ್ಮಾವ ಮೂರು ತಿಂಗ್ಳು ಉಣ್ಸೇಹಣ್ಣು ತಿನ್ಕಂಡು ಕುಂತಿದ್ರು!”

ನಾನು ಬಿ.ಎಸ್ಸಿ. ಓದಿದವಳು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಎಷ್ಟು ಮುದ್ದಾದ ಮೂಢನಂಬಿಕೆ! ಅವರು ದೃಷ್ಟಿ ತೆಗೆದಾಗಲೂ ನಗುತ್ತಲೇ ಕೂತಿದ್ದೆ.

ಆಗಸ್ಟ್ 4, ಮಂಗಳವಾರ

ರೇವಂತ್ ಕನ್ನಡಿಯ ಮುಂದೆ ಹಲ್ಲುಜ್ಜುವಾಗ ನೋಡಿದೆ. ಒಸಡಿನ ಅಂಚಿಗೆ ಉದ್ದಕ್ಕೂ ತೆಳ್ಳಗೆ ನೀಲಿ ಗೆರೆ, ಹಲ್ಲಿಗೆ ಕಾಡಿಗೆ ಹಚ್ಚಿದ ಹಾಗೆ. “ಯಾರಿಗೆ ಇಷ್ಟು ಅಲಂಕಾರ?” ಎಂದು ಛೇಡಿಸಿದೆ. ನಗುತ್ತಾನೆ ಎಂದುಕೊಂಡಿದ್ದೆ. “ಸುಮ್ನಿರೇ!” ಎಂದು ಕೂಗಿದ. ನನ್ನ ಮೇಲೆ ಅವನು ಕೂಗಿದ್ದು ಇದೇ ಮೊದಲು.

ಸಂಜೆ ಸಾರಿ ಹೇಳಿದ. ತಲೆನೋವಂತೆ. ನನಗೂ ತಲೆನೋವು. ನಾನೂ ಸಾರಿ ಹೇಳಿದೆ, ಯಾಕೆಂದು ಗೊತ್ತಿಲ್ಲ.

ಆಗಸ್ಟ್ 7, ಶುಕ್ರವಾರ

ಹಂಗಳದಿಂದ ನಿನ್ನೆ ಮತ್ತೆ ಬಂದ ಅತ್ತೆ ನನ್ನನ್ನು ಲೇಡಿ ಡಾಕ್ಟರಿಗೆ ತೋರಿಸಿದರು. ರಕ್ತ ಏಳೇ ಇದೆಯಂತೆ. ಡಾಕ್ಟರು ನನ್ನ ತುಟಿ ಕೆಳಗೆಳೆದು ಒಸಡು ನೋಡಿದರು, ಟಾರ್ಚ್ ಹಾಕಿ ಮತ್ತೆ ನೋಡಿದರು.

“ಮನೇಲಿ ಯಾರಾದ್ರೂ ಬ್ಯಾಟರಿ ಕೆಲಸ, ಸೀಸದ ಕೆಲಸ ಮಾಡ್ತಾರೇನಮ್ಮಾ?”

ಆ ಹಾಳೆಯ ಸಾಲು ತಟ್ಟನೆ ಕಣ್ಣ ಮುಂದೆ ಬಂತು, ಅಕ್ಷರಗಳ ಸಮೇತ. ಆದರೆ ಪಕ್ಕದಲ್ಲೇ ಅತ್ತೆ, ಹಣೆಯ ತುಂಬ ವಿಭೂತಿ, ತೊಡೆಯ ಮೇಲೆ ಚೀಲ. ಸೀಸ ಎಂದರೆ ಯಾವ ಸೀಸ ಎನ್ನುತ್ತಾರೆ, ಕೀ ಚೈನ್ ಎಂದರೆ ಅಷ್ಟೊಂದು ಯಾಕೆ ಎನ್ನುತ್ತಾರೆ, ಕೊನೆಗೆ ಗಾಳ ಹೊರಬರುತ್ತದೆ.

“ಇಲ್ಲ ಮೇಡಂ. ನಮ್ಮೆಜಮಾನ್ರು ಸ್ವಲ್ಪ ಪೇಂಟಿಂಗ್ ಮಾಡ್ತಾರೆ, ಹಾಬಿ ಅಷ್ಟೇ.”

ಡಾಕ್ಟರು ನನ್ನನ್ನೇ ನೋಡಿದರು. ಒಂದು ಚೀಟಿ ಬರೆದರು. ರಕ್ತ ಬೆಂಗಳೂರಿಗೆ ಕಳಿಸಬೇಕು, ಸೋಮವಾರ ಖಾಲಿ ಹೊಟ್ಟೆಯಲ್ಲಿ ಬನ್ನಿ, ತಪ್ಪಿಸಬೇಡಿ ಎಂದರು. ಮೆಟ್ಟಿಲಿಳಿಯುವಾಗ ಅತ್ತೆ ಗೊಣಗಿದರು: “ಮೈಯಾಗೆ ರಕ್ತ ಇಲ್ಲ ಅಂತಾಳೆ. ಇರೋ ಗುಟುಕ್ನೂ ಬಾಟ್ಲಿಗೆ ತುಂಬ್ಕೊಡು ಅಂತಾಳೆ. ಇದ್ಯಾವ ನ್ಯಾಯ ಕಣಮ್ಮಿ?”

ರಾತ್ರಿ ಅತ್ತೆ ಮಲಗಿದ ಮೇಲೆ ರೇವಂತನಿಗೆ ಅರ್ಧ ಹೇಳಿದೆ. ಡಾಕ್ಟರು ಸೀಸದ ವಿಷಯ ಕೇಳಿದರು ಎಂದಷ್ಟೇ. ಹಾಳೆಯ ಸಾಲು ಹೇಳಲಿಲ್ಲ. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾನೆ.

“ನಾವೇನ್ ಸೀಸ ತಿಂತೀವೇನೇ? ಇನ್ನು ನೂರಿಪ್ಪತ್ತೈತೆ. ಮುಗಿಸ್ಬುಡನ, ಆಮೇಲೆ ಬ್ಯಾಡ ಅಂದ್ರೆ ಬ್ಯಾಡ.”

ನೂರಿಪ್ಪತ್ತು ಏನು ಮಹಾ.

ಆಗಸ್ಟ್ 10, ಸೋಮವಾರ

ರಕ್ತ ಕೊಡಲು ಹೋಗಲಿಲ್ಲ. ಹೊಟ್ಟೆ ಹಿಡಿದುಕೊಂಡಿತ್ತು. ನಾಳೆ.

ಆಗಸ್ಟ್ 23, ಭಾನುವಾರ. ಗಣೇಶನ ಹಬ್ಬ

ನಿನ್ನೆ ಆರುನೂರೂ ಗುಂಡ್ಲುಪೇಟೆಯಿಂದ ಬತ್ತೇರಿ ಬಸ್ಸು ಹತ್ತಿದವು! ಹೆಚ್ಚಿಗೆ ಮಾಡಿದ್ದ ಮೂವತ್ತೆರಡು ಓವನ್ನಿನಲ್ಲೇ ತೂಗುತ್ತಿವೆ. ಅಂಗಡಿಯವರು ಇಷ್ಟು ಗಟ್ಟಿ ಬಣ್ಣ ನೋಡಿಯೇ ಇಲ್ಲ ಎಂದರಂತೆ. ಗೆದ್ದೆವು! ಹಬ್ಬ ಮುಗಿದ ಮೇಲೆ ಡಾಕ್ಟರ ಹತ್ತಿರ ಹೋಗಬೇಕು. ಆ ಚೀಟಿ ಎಲ್ಲಿಟ್ಟೆನೋ ನೆನಪಾಗುತ್ತಿಲ್ಲ. ಕಡುಬಿಗೆ ಬೆಲ್ಲ ಹಾಕುವುದನ್ನೂ ಮರೆತಿದ್ದೆ, ಬರೀ ಕಾಯಿತುರಿ. ಹಬ್ಬಕ್ಕೆ ಬಂದಿದ್ದ ಅತ್ತೆ ತಮ್ಮ ಕಡುಬಿಗೆ ಬೆಲ್ಲದ ಪುಡಿ ಉದುರಿಸಿಕೊಂಡರು.

ಮಧ್ಯಾಹ್ನ ಮಗು ಒಂದು ಸಲ ಮಿಡುಕಿದ ಹಾಗಾಯಿತು. ನೀರಿನೊಳಗೆ ಮೀನು ತಿರುಗಿದ ಹಾಗೆ.

ಆಗಸ್ಟ್ 29, ಶನಿವಾರ

ಹೋಯಿತು.

ಸೆಪ್ಟೆಂಬರ್ 5, ಶನಿವಾರ

ಹೆಣ್ಣುಮಗುವಂತೆ. ನರ್ಸ್ ಹೇಳಬಾರದಿತ್ತು. ಹೇಳಿದಳು.

ಅತ್ತೆ ನನ್ನನ್ನು ಏಳಗೊಡುತ್ತಿಲ್ಲ. ಎಲ್ಲ ಕೆಲಸ ಅವರೇ. ಇವತ್ತು ಅಡುಗೆಮನೆ ಪೂರ್ತಿ ಒರೆಸಿದರು. ಓವನ್ ಒಳಗೆ ಜಿಡ್ಡಿದ್ದೀತು ಎಂದು ಧೈರ್ಯ ಮಾಡಿ ಬಾಗಿಲು ತೆಗೆದಿದ್ದಾರೆ. ಮೂವತ್ತೆರಡು ಮೀನು, ಮೂವತ್ತೆರಡು ಕೊಕ್ಕೆ.

ಕೂಗಾಡಲಿಲ್ಲ. ಒಂದನ್ನು ಸೆರಗಿನಲ್ಲಿ ಹಿಡಿದು ತಂದು ಮಗನ ಮುಂದೆ ಇಟ್ಟರು.

“ಇದು ಕೀ ಚೈನೇನ್ಲಾ?”

ರೇವಂತ್ ಅದನ್ನು ಎಡಗೈಯಲ್ಲಿ ತೆಗೆದು ಮಗುಚಿ ಇಟ್ಟ.

“ಮೀನಿನ ಗಂಟ್ಲು ಸೀಳೋದ ಮನೇಲಿ ಬೇಯಿಸ್ಕೊಂಡು, ಒಟ್ಟೇಲಿ ಕೂಸು ನಿಲ್ಲು ಅಂದ್ರೆ ನಿಂತದೇನ್ಲಾ? ಅವ್ಕೂ ಒಟ್ಟೇಲಿ ಮರಿ ಇರ್ತವೆ ಕಣ.”

ನಾನು ಒಳಗಿನಿಂದ ಕೇಳುತ್ತಿದ್ದೆ. ಅದಲ್ಲ ಅತ್ತೆ, ಬೇರೆ ಒಂದು ವಿಷಯವಿದೆ ಎಂದು ಎದ್ದು ಹೇಳಬೇಕೆಂದುಕೊಂಡೆ. ಬಾಯಿ ತೆರೆದರೆ ಯಾವ ವಿಷಯ ಎಂದೇ ತೋಚಲಿಲ್ಲ. ಕಣ್ಣ ಮುಂದೆ ಆ ಕೊಕ್ಕೆಗಳು ಮಾತ್ರ ಬರುತ್ತಿದ್ದವು. ಬಾಯಿ ಹಾಕಿದ ಮೀನಿಗೆ ಹೇಗಾಗುತ್ತದೆಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಆರುನೂರು. ಎಲ್ಲಕ್ಕೂ ಕಣ್ಣು ಬರೆದವಳು ನಾನು.

ಅಳು ಬಂತು. ಎಂಟು ದಿನದಲ್ಲಿ ಮೊದಲ ಸಲ. ಎದೆ ಸ್ವಲ್ಪ ಹಗುರವಾಯಿತು.

ಸೆಪ್ಟೆಂಬರ್ 13, ಭಾನುವಾರ

ಇನ್ನು ಈ ಕೈಯಲ್ಲಿ ಗಾಳ ಮಾಡುವುದಿಲ್ಲವೆಂದು ರೇವಂತ್ ದೇವರ ಮುಂದೆ ಹೇಳಿದರು. ಉಳಿದವುಗಳ ಕೊಕ್ಕೆಗಳನ್ನೆಲ್ಲ ಕತ್ತರಿಸಬೇಕೆಂದು ಅತ್ತೆ ಹೇಳಿದರು. ಕಟಿಂಗ್ ಪ್ಲೇಯರ್ ಅದುಮಲು ರೇವಂತರಿಗೆ ಆಗಲಿಲ್ಲ. ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬೀಳುತ್ತದೆ, ಕಾಫಿ ಲೋಟವೂ ನಿಲ್ಲುವುದಿಲ್ಲ. ನಾನೇ ಕತ್ತರಿಸಿದೆ. ಮೂವತ್ತೆರಡು ಸಲ ಟಕ್ ಎಂದಿತು.

ಕೊಕ್ಕೆಗಳನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ಸುವರ್ಣಾವತಿ ಹೊಳೆಗೆ ಬಿಟ್ಟು ಬಂದೆವು. ಆ ಇಂಗ್ಲಿಷ್ ಹಾಳೆಗಳನ್ನು ಬಚ್ಚಲೊಲೆಗೆ ಹಾಕಿದೆ. ಹನ್ನೊಂದೂ. ಇನ್ನು ಅವು ಯಾಕೆ?

ತಲೆಗಳನ್ನೂ ಎಸೆಯುವುದರಲ್ಲಿದ್ದೆ. ಅತ್ತೆಯೇ ತಡೆದರು. “ಮುಳ್ಳು ಓಯ್ತಲ್ಲ. ಅವೇನ್ ಪಾಪ ಮಾಡಿದ್ದೊ? ಮಡಗು.” ನಿಜ. ಕೊಕ್ಕೆ ಹೋದ ಮೇಲೆ ಅವು ಬರೀ ಬಣ್ಣದ ಮೀನುಗಳು. ನೋಡಿದರೆ ಸಮಾಧಾನವಾಗುತ್ತದೆ. ಸಾರಿಗೆ ಅತ್ತೆ ಉಪ್ಪು ಹಾಕಿದ್ದರೋ ಇಲ್ಲವೋ, ನನಗೆ ಎಲ್ಲವೂ ಸಿಹಿ.

ಸೆಪ್ಟೆಂಬರ್ 27, ಭಾನುವಾರ

ಇವರನ್ನು ಹರದನಹಳ್ಳಿಗೆ ಕರೆದುಕೊಂಡು ಹೋಗಿದ್ದೆವು, ನರ ನೀವುವ ಸೋಮಯ್ಯನವರ ಹತ್ತಿರ. ಬಸ್ಸಿನಲ್ಲಿ ಕೈ ಹೊರಗೆ ಹಾಕಿ ತಣ್ಣನೆ ಗಾಳಿ ಹೊಡೆದಿದೆ ಎಂದರು. ಎಣ್ಣೆ ಕೊಟ್ಟಿದ್ದಾರೆ. ಒಂಬತ್ತು ದಿನ.

ಪಕ್ಕದ ಮನೆಯವರು ಮಾತಾಡಿಸಲು ಬಂದರು. ಅವರ ಹೆಸರು ಬಾಯಿಗೆ ಬರಲೇ ಇಲ್ಲ. ಅಮ್ಮಾ ಅಮ್ಮಾ ಎಂದು ನಿಭಾಯಿಸಿದೆ.

ಅತ್ತೆ ಒಂದು ಮಾತು ಹೇಳಿದರು. ಮಡಿಲು ಬರಿದಾದ ಮನೆಯಲ್ಲಿ ಹಾಲುಗೂಸು ತಿಂಗಳೊಪ್ಪತ್ತು ಆಡಬೇಕಂತೆ. ಬೇರೆಯವರ ಕೂಸನ್ನಾದರೂ ಮಡಿಲಿಗೆ ಹಾಕಿಕೊಂಡು, ತೊಟ್ಟಿಲು ತೂಗಿ, ನೆಲದ ಮೇಲೆ ಅಂಬೆಗಾಲು ಇಡಿಸಿದರೆ ನಮ್ಮದೂ ತಿರುಗಿ ಬರುತ್ತದಂತೆ. “ಕೂಸಿನ ಜೊಲ್ಲು ಬಿದ್ದ ನೆಲ ಬಂಜೆ ಆಗಕ್ಕಿಲ್ಲ ಕಣಮ್ಮಿ.” ನಾದಿನಿ ಸುಧಾಮಣಿಗೆ ಮೈಸೂರಿಗೆ ಫೋನ್ ಮಾಡಿದ್ದಾರೆ. ಅವಳ ಪುಟ್ಟಿಗೆ ಈಗ ಏಳು ತಿಂಗಳು. ಬಂದು ಒಂದು ತಿಂಗಳು ಇರುತ್ತಾಳೆ.

ಎಷ್ಟು ಒಳ್ಳೆಯವರು ಎಲ್ಲರೂ.

ಅಕ್ಟೋಬರ್ 4, ಭಾನುವಾರ

ಇವತ್ತು ತುಂಬ ದಿನದ ಮೇಲೆ ನಾವಿಬ್ಬರೂ ಊಟದ ಮೇಜಿನ ಮುಂದೆ ಕೂತು ಕೆಲಸ ಮಾಡಿದೆವು! ಐಡಿಯಾ ಇವರದು. ಪುಟ್ಟಿಯ ತೊಟ್ಟಿಲಿಗೆ ಮೀನಿನ ಗೊಂಚಲು. ಇವರು ಎಡಗೈಯಿಂದ ಬಣ್ಣ ಆರಿಸಿ ಕೊಟ್ಟರು, ಹಳದಿ, ಗಿಳಿಹಸಿರು, ಗುಲಾಬಿ. ಹನ್ನೆರಡು.

ಕೊಕ್ಕೆ ಕತ್ತರಿಸಿದ ಜಾಗದಲ್ಲಿ ತಂತಿಯ ಚೂರು ಚುಚ್ಚುತ್ತಿತ್ತು. ಕೂಸಿನ ಒಸಡಿಗೆ ತಾಕಿದರೆ? ಅರ ತೆಗೆದುಕೊಂಡು ಒಂದೊಂದನ್ನೂ ಸವೆಸಿದೆ, ನನ್ನ ತುಟಿಗೆ ಒತ್ತಿ ನೋಡಿ, ನುಣುಪಾಗುವವರೆಗೆ. ಉಜ್ಜಿದಲ್ಲಿ ಬಣ್ಣ ಹೋಗಿ ಬೆಳ್ಳಗಾಯಿತು. ಮತ್ತೆ ಪುಡಿಯಲ್ಲಿ ಅದ್ದೋಣವೆಂದರೆ ಬೆಂಕಿಗೆ ಹಿಡಿಯಲು ಕೊಕ್ಕೆಯೇ ಇಲ್ಲವಲ್ಲ. ಇರಲಿ. ಬೆಳ್ಳಿಯಂತೆ ಹೊಳೆಯುತ್ತದೆ. ಮೀನಿನ ಹೊಟ್ಟೆ ಇರುವುದೂ ಹಾಗೇ.

ಅತ್ತೆ ತೊಟ್ಟಿಲನ್ನು ಅಡುಗೆಮನೆಯ ತೊಲೆಗೆ ಕಟ್ಟಿಸಿದ್ದಾರೆ, ಬೆಚ್ಚಗಿರಲೆಂದು. ಗೊಂಚಲನ್ನು ಮೇಲೆ ಕಟ್ಟಿದ್ದೆ. “ಅಷ್ಟೆತ್ರ ಯಾಕಮ್ಮಿ? ಕೈಗೆ ಸಿಗದೇ ಇರೋದು ಆಟದ ಸಾಮಾನೇ?” ಎಂದರು. ಇಳಿಸಿ ಕಟ್ಟಿದೆ.

ಅಕ್ಟೋಬರ್ 8, ಗುರುವಾರ

ಸುಧಾಮಣಿ ಫೋನ್ ಮಾಡಿದ್ದಳು. ಹಿಂದಿನಿಂದ ಪುಟ್ಟಿಯ ಕೂಗು ಕೇಳುತ್ತಿತ್ತು.

“ಅತ್ಗೆ, ಇವಳಿಗೆ ಹಲ್ಲು ಬತ್ತಾವೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ. ಸಾಮಾನೆಲ್ಲ ಎತ್ತಿಟ್ಟಿರಿ ಆಯ್ತಾ? ಆಮೇಲೆ ಪಿನ್ನು, ಗುಂಡಿ ಅಂತ ನನ್ನ ಬಯ್ಯಂಗಿಲ್ಲ!”

“ಎಲ್ಲ ನೋಡಿದ್ದೀನಿ ಕಣೇ. ಚುಚ್ಚೋದು ಒಂದೂ ಇಲ್ಲ ಮನೇಲಿ.”

ಫೋನಿಟ್ಟ ಮೇಲೆ ಇನ್ನೇನೋ ಹೇಳಬೇಕಿತ್ತು ಎನಿಸಿತು. ತುಂಬ ಹೊತ್ತು ತೊಟ್ಟಿಲ ಹತ್ತಿರ ನಿಂತು ಯೋಚಿಸಿದೆ. ನೆನಪಾಗಲಿಲ್ಲ. ಈಚೆಗೆ ನನ್ನ ಮರೆವು ಹೀಗೇ, ಅದಕ್ಕೇ ಬರೆದಿಡುತ್ತಿದ್ದೇನೆ.

ಭಾನುವಾರ, ಹನ್ನೊಂದನೆಯ ತಾರೀಕು. ಮೈಸೂರಿನಿಂದ ಬೆಳಗಿನ ಪ್ಯಾಸೆಂಜರಿನಲ್ಲಿ ಸುಧಾಮಣಿ, ಪುಟ್ಟಿ.